ಜಗಲಿಗೆ ಬಂದ ಕುಂಡಗಳು, ಅಟ್ಟಕ್ಕೆ ಏರಿದ ಹಪ್ಪಳ

ರೋಹಿಣಿ ಮಳೆ ಹುಟ್ಟಿ ಐದು ದಿನಗಳಾದವು. ಹೊಸನಗರ ತಾಲ್ಲೂಕಿನ ನಮ್ಮ ಈ ಮೂಲೆಯಲ್ಲಿ ಮೃಗಶಿರ ಹಿಡಿಯಿತೆಂದರೆ ಅಂಗಳದಲ್ಲಿ ಒಂದು ಕರವಸ್ತ್ರ ಒಣಗಿಸುವುದಕ್ಕೂ ಜಾಗವಿರುವುದಿಲ್ಲವಾದ್ದರಿಂದ, ವರ್ಷದಲ್ಲಿ ಈ ಎರಡು ವಾರಗಳಷ್ಟು ಅವಸರದ ದಿನಗಳು ನಮ್ಮ ಮನೆಯಲ್ಲಿ ಬೇರೆ ಇಲ್ಲ. ಮಳೆ ತಡೆಯಲಾರದ ಹೂಗಿಡಗಳ ಕುಂಡಗಳನ್ನು ಜಗಲಿಗೆ ಸಾಗಿಸಬೇಕು, ಬೇಸಗೆಯಿಡೀ ನಡುಮನೆಯ ಕತ್ತಲೆ ಮೂಲೆಯಲ್ಲಿ ಮಲಗಿದ್ದ ಡೇರೆ (ಡೇಲಿಯಾ) ಹೂವಿನ ಗೆಡ್ಡೆಗಳನ್ನು ಮಣ್ಣಿಗೆ ಇಳಿಸಬೇಕು. ಅದರ ನಡುವೆಯೇ ಕೊನೆಯ ಹಲಸಿನಕಾಯಿಗಳನ್ನು ಹಪ್ಪಳ ಮಾಡಿ ಮುಗಿಸಬೇಕು, ಮುರುಗಲ (ಕೋಕಂ) ಸಿಪ್ಪೆಯನ್ನು ಒಣಗಿಸಿ ಡಬ್ಬಕ್ಕೆ ತುಂಬಬೇಕು, ಫಾಲ್ಗುಣದಲ್ಲಿ ಉಪ್ಪಿಗೆ ಹಾಕಿದ ಅಪ್ಪೆಮಿಡಿಯ ಭರಣಿಗಳನ್ನು ಒಮ್ಮೆ ತೆರೆದು ನೋಡಬೇಕು. ಒಂದು ಹಿತ್ತಲಿನ ಕೆಲಸ, ಇನ್ನೊಂದು ಅಡುಗೆಮನೆಯ ಕೆಲಸ ಎಂದು ಬಹಳ ಕಾಲ ನಾನೂ ಬೇರೆಬೇರೆಯಾಗಿಯೇ ಎಣಿಸಿದ್ದೆ. ಮೂವತ್ತು ವರ್ಷ ಎರಡನ್ನೂ ಒಟ್ಟಿಗೆ ಮಾಡಿದ ಮೇಲೆ, ಎರಡರಲ್ಲೂ ನಾನು ಮಾಡುತ್ತಿರುವುದು ನೀರಿನ ಲೆಕ್ಕವೊಂದನ್ನೇ ಎಂದು ತೋರತೊಡಗಿದೆ.

ಈ ಲೆಕ್ಕವನ್ನು ಬರೆದಿಡಬೇಕೆನ್ನಿಸಿದ್ದು ಅಕ್ಕನ ಮಗಳಿಂದಾಗಿ. ಅವಳು ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿದ್ದಾಳೆ. ಹಿಂದಿನ ವರ್ಷ ಬಾಡಿಗೆಮನೆಯ ಹಿಂದಿನ ತುಂಡು ನೆಲದಲ್ಲಿ ಡೇರೆ ಬೆಳೆಸಿದ್ದವಳು ಅಕ್ಟೋಬರಿನ ಒಂದು ದಿನ ಫೋನು ಮಾಡಿ, "ಚಿಕ್ಕಮ್ಮ, ರಾತ್ರಿ ಇಬ್ಬನಿ ಹೆಪ್ಪುಗಟ್ಟಿತ್ತು, ಬೆಳಗ್ಗೆ ನೋಡಿದರೆ ಗಿಡವೆಲ್ಲ ಬೆಂದ ಸೊಪ್ಪಿನ ಹಾಗೆ ಕಪ್ಪಾಗಿ ಬಿದ್ದಿದೆ, ಸತ್ತೇ ಹೋಯಿತು" ಎಂದು ಅಳುವ ದನಿಯಲ್ಲಿ ಹೇಳಿದಳು. "ಸತ್ತಿಲ್ಲ ಮಾರಾಯ್ತಿ, ಗೆಡ್ಡೆ ಕಿತ್ತು ಒಳಗಿಡು" ಎಂದೆ. ಅದೇ ನೆಲದಲ್ಲಿ ಒಂದು ಸೇಬಿನ ಮರವೂ ಇದ್ದು, ಅದರ ಹುಳಿಹಣ್ಣುಗಳು ಬುಟ್ಟಿಗಟ್ಟಲೆ ಬಂದು ಏನು ಮಾಡುವುದೆಂದು ತಿಳಿಯದೆ ಕೂತಿದ್ದಳು. ಅಂದಿನಿಂದ ಇಂದಿನವರೆಗೆ ನಮ್ಮಿಬ್ಬರ ಮಾತು ಹೆಚ್ಚುಕಡಿಮೆ ಈ ಎರಡೇ ವಿಷಯಗಳ ಮೇಲೆ ನಡೆದಿದೆ.

ಡೇರೆ ಎಂದು ನಾವು ಕರೆಯುವ ಈ ಹೂವಿನ ಪುಸ್ತಕದ ಹೆಸರು ಡೇಲಿಯಾ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಆಂಡರ್ಸ್ ಡಾಲ್ ಅವರ ನೆನಪಿಗೆ 1791ರಲ್ಲಿ ಸ್ಪೇನಿನಲ್ಲಿ ಇಟ್ಟ ಹೆಸರು ಅದು. ಮಲೆನಾಡಿನ ಹೆಂಗಸರ ಬಾಯಲ್ಲಿ ಅದು ಡೇರೆಯಾಗಿದೆ, ನನಗೂ ಹಾಗೆಂದರೇ ಹೂ ಕಣ್ಣಿಗೆ ಬರುವುದು. ಇದರ ತವರು ಮೆಕ್ಸಿಕೋದ ಎತ್ತರದ ನಾಡು. ಅಲ್ಲಿ ಮಳೆ ಬೀಳುವುದು ಹೆಚ್ಚುಕಡಿಮೆ ಜೂನಿನಿಂದ ಅಕ್ಟೋಬರಿನವರೆಗೆ, ಉಳಿದ ತಿಂಗಳುಗಳು ಒಣ. ಆ ಒಣ ತಿಂಗಳುಗಳನ್ನು ದಾಟುವುದಕ್ಕೆಂದೇ ಗಿಡ ಗೆಡ್ಡೆ ಕಟ್ಟಿಕೊಂಡಿದೆ. ಚಳಿಗಾಲ ಕಳೆಯಲು ಗೆಡ್ಡೆಯನ್ನು ಒಳಗಿಡುವ ಇಂಗ್ಲೆಂಡಿನ ಪದ್ಧತಿ ಗಿಡಕ್ಕೆ ಹೊಸತು. ಬೇಸಗೆ ಕಳೆಯಲು ಒಳಗಿಡುವ ನಮ್ಮ ಪದ್ಧತಿ ಅದರ ಊರಿನದೇ ಕ್ಯಾಲೆಂಡರು. ಇದನ್ನು ಹೇಳಿದಾಗ ಅಕ್ಕನ ಮಗಳಿಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ನಮ್ಮಲ್ಲಿ ಡೇರೆ ರೋಹಿಣಿಯಲ್ಲಿ ಮಣ್ಣಿಗಿಳಿದು, ಆಷಾಢದ ಜಡಿಮಳೆಯಲ್ಲಿ ಸೊಪ್ಪು ಬೆಳೆಸಿಕೊಂಡು, ಶ್ರಾವಣದಿಂದ ನವರಾತ್ರಿಯವರೆಗೆ ಹೂ ಕೊಡುತ್ತದೆ. ದೀಪಾವಳಿ ಕಳೆದು ಅಡಿಕೆ ಕೊಯ್ಲಿನ ಗದ್ದಲ ಶುರುವಾಗುವ ಹೊತ್ತಿಗೆ ಎಲೆ ಹಳದಿಯಾಗತೊಡಗುತ್ತದೆ. ಆಗ ನೀರು ನಿಲ್ಲಿಸಿ, ಎರಡು ವಾರ ಬಿಟ್ಟು, ಕಾಂಡವನ್ನು ಗೇಣುದ್ದ ಉಳಿಸಿ ಕತ್ತರಿಸಿ, ಗೆಡ್ಡೆಗೆ ಗಾಯವಾಗದಂತೆ ದೂರದಿಂದ ಬಿಡಿಸುತ್ತಾ ಬಂದು ಇಡೀ ಗೊಂಚಲನ್ನು ಎತ್ತಬೇಕು. ಡೇರೆಯ ಕಾಂಡ ಒಳಗೆ ಟೊಳ್ಳು. ಕತ್ತರಿಸಿದ ತುದಿಯನ್ನು ಮೇಲೆ ಮಾಡಿ ಇಟ್ಟರೆ ಅದರಲ್ಲಿ ನಿಂತ ನೀರು ಇಳಿದು ಗೆಡ್ಡೆಯ ಕತ್ತನ್ನೇ ಕೊಳೆಸುತ್ತದೆ. ಆದ್ದರಿಂದ ನಾಲ್ಕೈದು ದಿನ ತಲೆಕೆಳಗಾಗಿ ನೆರಳಿನಲ್ಲಿ ನೇತುಹಾಕಿ, ಆಮೇಲೆ ಬುಟ್ಟಿಯಲ್ಲಿ ಒಣಮರಳು ಮತ್ತು ಒಲೆಯ ಬೂದಿ ಬೆರೆಸಿ ಹಾಸಿ, ಗೆಡ್ಡೆಗೆ ಗೆಡ್ಡೆ ತಾಗದಂತೆ ಇಟ್ಟು ಮುಚ್ಚುತ್ತೇನೆ. ಗೆಡ್ಡೆಗಿಂತ ಕತ್ತು ಮುಖ್ಯ ಎನ್ನುವುದನ್ನು ಹೊಸಬರಿಗೆ ಒತ್ತಿ ಹೇಳಬೇಕಾಗುತ್ತದೆ. ಮೊಳಕೆಯ ಕಣ್ಣು ಇರುವುದು ಗೆಡ್ಡೆ ಕಾಂಡಕ್ಕೆ ಕೂಡುವ ಕತ್ತಿನಲ್ಲಿ ಮಾತ್ರ. ಆಲೂಗಡ್ಡೆಯ ಹಾಗೆ ಮೈತುಂಬ ಅಲ್ಲ. ಕತ್ತು ಮುರಿದ ಗೆಡ್ಡೆ ಎಷ್ಟೇ ದಪ್ಪವಿರಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಹಸಿಯಾಗಿಯೇ ಇದ್ದು ಕೊನೆಗೊಮ್ಮೆ ಕರಗಿಹೋಗುತ್ತದೆ, ಚಿಗುರುವುದಿಲ್ಲ.

ನಾನು ಇದನ್ನು ಕಲಿತದ್ದು ಕೆಡಿಸಿಯೇ. ಮದುವೆಯಾಗಿ ಬಂದ ಹೊಸತರಲ್ಲಿ, ಬೀಜದ ಸೌತೆ, ಕುಂಬಳ ಎಲ್ಲ ಚೆನ್ನಾಗಿ ಉಳಿಯುವ ಜಾಗವೆಂದು ಒಲೆಯ ಮೇಲಿನ ಅಟ್ಟದಲ್ಲಿ ಗೆಡ್ಡೆಗಳನ್ನು ಇಟ್ಟೆ. ಹೋಳಿಹುಣ್ಣಿಮೆಯ ಹೊತ್ತಿಗೆ ಅವು ಒಣಶುಂಠಿಯಾಗಿದ್ದವು. ಮಾರನೆಯ ವರ್ಷ ಬುದ್ಧಿ ಬಂದವಳ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಾಯಿ ಬಿಗಿದು ಮಂಚದ ಕೆಳಗೆ ತಳ್ಳಿದೆ; ಈ ಬಾರಿ ವಾಸನೆಯೇ ಸುದ್ದಿ ಹೇಳಿತು. ಅತ್ತೆ ಮಾತಾಡಲಿಲ್ಲ, ಆದರೆ ತಮ್ಮ ಪಾಲಿನ ಗೆಡ್ಡೆಗಳನ್ನು ಆ ಎರಡು ವರ್ಷವೂ ಅವರು ನಡುಮನೆಯ ಮಣ್ಣಿನ ನೆಲದ ಮೇಲೆ ಹಳೆಯ ಬುಟ್ಟಿಯಲ್ಲಿ ಇಟ್ಟಿದ್ದರು, ಒಂದೂ ಹೋಗಿರಲಿಲ್ಲ. ಈಗ ನಾನೂ ಅಲ್ಲೇ ಇಡುತ್ತೇನೆ ಮತ್ತು ತಿಂಗಳಿಗೊಮ್ಮೆ ಮುಟ್ಟಿ ನೋಡುತ್ತೇನೆ: ಸುಕ್ಕು ಕಂಡರೆ ಮರಳಿಗೆ ಅಂಗೈ ನೀರು ಚಿಮುಕಿಸುವುದು, ಮೆತ್ತಗಾಗಿದ್ದರೆ ಆ ಭಾಗವನ್ನು ಗಟ್ಟಿ ಮಾಂಸದವರೆಗೆ ಕತ್ತರಿಸಿ ಬೂದಿ ಒತ್ತುವುದು. ಯಾರ್ಕ್‌ಶೈರಿನ ಬುಟ್ಟಿಗೂ ಇದನ್ನೇ ಹೇಳಿದೆ. ಅಲ್ಲಿ ಹೆಚ್ಚಿಗೆ ನೋಡಬೇಕಾದದ್ದು ಒಂದೇ, ಗೆಡ್ಡೆಯೊಳಗಿನ ನೀರು ಹೆಪ್ಪುಗಟ್ಟದಂತೆ. ಹೆಪ್ಪುಗಟ್ಟಿ ಕರಗಿದ ಗೆಡ್ಡೆ ಲೋಳೆಯಾಗುತ್ತದೆ.

ಬೀಜದಿಂದ ಬೆಳೆಸಿದರೆ ಈ ರಗಳೆಯೇ ಇಲ್ಲವಲ್ಲ ಎಂದು ಕೇಳುವವರಿದ್ದಾರೆ. ಡೇರೆ ಬೀಜದಿಂದ ಸುಲಭವಾಗಿ ಹುಟ್ಟುತ್ತದೆ, ಆದರೆ ತಾಯಿಯ ಹಾಗೆ ಹುಟ್ಟುವುದಿಲ್ಲ. ಹೆಚ್ಚಿನ ಗಿಡಗಳಲ್ಲಿ ವರ್ಣತಂತುಗಳ ಎರಡು ಕಂತೆಗಳಿದ್ದರೆ ತೋಟದ ಡೇರೆಯಲ್ಲಿ ಎಂಟಿವೆ. ಬೀಜ ಕಟ್ಟುವಾಗ ಅವು ಇಸ್ಪೀಟಿನೆಲೆಗಳಂತೆ ಕಲಸಿಹೋಗಿ, ಮಗುವಿನ ಬಣ್ಣ, ಎಸಳು, ಗಾತ್ರ ಎಲ್ಲವೂ ಬೇರೆಯಾಗುತ್ತವೆ. ಅತ್ತೆ ಅವರ ತವರಿನಿಂದ ತಂದ, ನಡುವೆ ಬೆಣ್ಣೆಯ ಬಣ್ಣವಿದ್ದು ಅಂಚಿಗೆ ಕುಂಕುಮ ತಾಗಿಸಿದಂತಿರುವ ಡೇರೆ ಅದೇ ಹೂವಾಗಿ ಉಳಿಯಬೇಕಾದರೆ ಅದೇ ಗೆಡ್ಡೆ ಉಳಿಯಬೇಕು. ಯಾರ್ಕ್‌ಶೈರಿನ ಆ ಸೇಬಿನದೂ ಇದೇ ಕಥೆ. ಅದು ಬ್ರಾಮ್ಲಿ ಎಂಬ ಅಡುಗೆಸೇಬು. 1809ರಲ್ಲಿ ನಾಟಿಂಗ್‌ಹ್ಯಾಮ್‌ಶೈರಿನ ಸೌತ್‌ವೆಲ್ ಎಂಬ ಊರಿನಲ್ಲಿ ಮೇರಿ ಆನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ ಊರಿದ ಬೀಜದಿಂದ ಎದ್ದ ಒಂದೇ ಮರದಿಂದ ಕಸಿಯಾಗಿ ಕಸಿಯಾಗಿ ಇಂದಿನ ಬ್ರಾಮ್ಲಿ ಮರಗಳೆಲ್ಲ ಬಂದಿವೆ. ನಮ್ಮ ಅಪ್ಪೆಯನ್ನೂ ಗೊರಟು ಊರಿ ಬೆಳೆಸಿದರೆ ತಾಯಿಮರದ ಪರಿಮಳ ಬರುವ ಖಾತರಿಯಿಲ್ಲ, ಕಸಿ ಕಟ್ಟಲೇಬೇಕು.

ಕುಂಡಗಳ ವಿಷಯಕ್ಕೆ ಬರುತ್ತೇನೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ, ಹುಲಿಕಲ್ಲಿನಲ್ಲೂ ಕಡಿಮೆಯೇನಲ್ಲ. ಅದೇ ಜಿಲ್ಲೆಯ ಶಿವಮೊಗ್ಗ ಪೇಟೆಗೆ ಸಿಗುವುದು ಅದರ ಸಣ್ಣ ಪಾಲು. ಹಾಗಾಗಿ ಪೇಟೆಯ ನರ್ಸರಿಯವರು "ಮಳೆಗಾಲದಲ್ಲಿ ಹೊರಗೇ ಇಡಬಹುದು" ಎಂದು ಹೇಳುವ ಮಾತು ತೀರ್ಥಹಳ್ಳಿ ದಾಟಿದ ಮೇಲೆ ನಡೆಯುವುದಿಲ್ಲ. ಅಡೇನಿಯಂ ಆಫ್ರಿಕ ಮತ್ತು ಅರೇಬಿಯದ ಒಣನೆಲದ ಗಿಡ, ಬುಡದಲ್ಲಿ ನೀರು ತುಂಬಿಕೊಂಡೇ ಇರುತ್ತದೆ. ಅದಕ್ಕೆ ನಮ್ಮ ಆಷಾಢವನ್ನು ತೋರಿಸುವುದು ಕೊಲೆಯೇ ಸರಿ. ಮೊದಲ ಅಡೇನಿಯಂ ಮೇಲೆ ಹಸಿರಾಗಿ ನಗುತ್ತಲೇ ಇತ್ತು, ಹೆಬ್ಬೆರಳಿನಿಂದ ಬುಡ ಒತ್ತಿದಾಗ ಕೊಳೆತ ಬಾಳೆಹಣ್ಣಿನ ಹಾಗೆ ಬೆರಳು ಒಳಗಿಳಿಯಿತು. ಈಗ ರೋಹಿಣಿಯಲ್ಲೇ ಅದನ್ನು ಜಗಲಿಯ ಒಳಮೂಲೆಗೆ ಎತ್ತಿ, ಭಾದ್ರಪದದವರೆಗೆ ಒಂದು ಹನಿ ನೀರನ್ನೂ ಹಾಕುವುದಿಲ್ಲ. ಗಾಳಿಯ ತೇವವೇ ಅದಕ್ಕೆ ಸಾಕಾಗುತ್ತದೆ. ಕಳ್ಳಿಗಳಿಗೂ ಅದೇ ಮರ್ಯಾದೆ.

ಜಿರೇನಿಯಂ ದಕ್ಷಿಣ ಆಫ್ರಿಕದ್ದು. ಹಳೆಯ ಗಿಡವನ್ನು ಉಳಿಸುವ ಆಸೆಯನ್ನು ನಾನು ಬಿಟ್ಟಿದ್ದೇನೆ. ಮೇ ತಿಂಗಳಲ್ಲಿ ಬೆರಳುದ್ದದ ತುದಿಗಳನ್ನು ಕತ್ತರಿಸಿ, ಕತ್ತರಿಸಿದ ಮೈ ಒಂದು ದಿನ ಗಾಳಿಗೆ ಒಣಗಿದ ಮೇಲೆ ಮರಳು ಹೆಚ್ಚಿರುವ ಸಣ್ಣ ಕುಂಡಗಳಲ್ಲಿ ನೆಡುತ್ತೇನೆ; ದೊಡ್ಡ ಗಿಡ ಪುನರ್ವಸು ಮಳೆಗೆ ಹೋದರೂ ಸಣ್ಣವು ಕಿಟಕಿಯ ದಂಡೆಯಲ್ಲಿ ಉಳಿಯುತ್ತವೆ. ಚಳಿದೇಶಗಳಲ್ಲಿ ಇದೇ ಗಿಡವನ್ನು ಮಣ್ಣು ಕೊಡವಿ ಬೇರುಸಹಿತ ನೆಲಮಾಳಿಗೆಯಲ್ಲಿ ತಲೆಕೆಳಗಾಗಿ ನೇತುಹಾಕಿ ಚಳಿಗಾಲ ಕಳೆಯುವ ರೂಢಿಯಿದೆ. ನಮ್ಮ ಮಳೆಗಾಲದ ಗಾಳಿಯಲ್ಲಿ ಹಾಗೆ ನೇತುಹಾಕಿದರೆ ಬೂಷ್ಟು ಹಿಡಿದು ಗಡ್ಡ ಬೆಳೆಯುತ್ತದೆ, ಪ್ರಯತ್ನಿಸಿ ನೋಡಿದ್ದೇನೆ. ಗುಲಾಬಿಯನ್ನು ಸೂರಂಚಿನಲ್ಲಿ ಇಟ್ಟರೆ ಎಲೆ ಉದುರಿಸಿಕೊಂಡಾದರೂ ಬದುಕುತ್ತದೆ. ಇವೆಲ್ಲದರ ನಡುವೆ ಹಲಸಿನ ಮರದ ಕವೆಯಲ್ಲಿ ಕೂತ ಸೀತಾಳೆ ದಂಡೆ ಎಂಬ ಆರ್ಕಿಡ್, ಯಾರ ಉಪಚಾರವೂ ಬೇಡವೆಂಬಂತೆ, ಇದೇ ವಾರ ಗೊಂಚಲು ಬಿಟ್ಟು ನಿಂತಿದೆ.

ಜಗಲಿಗೆ ತಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಪಡುವಣ ಗಾಳಿಗೆ ಎರಚಲು ಜಗಲಿಯ ಗೋಡೆಯವರೆಗೂ ಬರುವುದರಿಂದ ಸೋಗೆಯ ತಟ್ಟಿ ಕಟ್ಟಬೇಕು. ತಟ್ಟಿ ಕಟ್ಟಿದರೆ ಬೆಳಕು ಹೋಗಿ ಗಿಡಗಳು ಉದ್ದಕ್ಕೆ ಬಿಳಿಚಿಕೊಳ್ಳುತ್ತವೆ. ಕುಂಡಕ್ಕೆ ಕುಂಡ ತಾಗದಂತೆ, ನಡುವೆ ಒಂದು ಅಂಗೈ ಗಾಳಿಯಾಡುವಂತೆ ಇಡುವುದು ಮುಖ್ಯ. ಕುಂಡದ ತಳದಲ್ಲಿ ತಟ್ಟೆ ಇಡಬಾರದು, ಅಡಿಕೆ ದಬ್ಬೆಯ ಎರಡು ಸೀಳು ಇಟ್ಟು ಎತ್ತರಿಸಬೇಕು. ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವವರು ಬಂದ ದಿನ ಡ್ರಮ್ಮಿನ ತಳದಲ್ಲಿ ಉಳಿದ ಬೋರ್ಡೋ ದ್ರಾವಣವನ್ನು ಒಂದು ಚೊಂಬು ಬೇಡಿ ತಂದು ನನ್ನ ಗಿಡಗಳಿಗೂ ಚಿಮುಕಿಸುತ್ತೇನೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ: ಈ ಲೆಕ್ಕ ಅಡಿಕೆ ಬೆಳೆಯುವ ಮನೆಯ ಮಕ್ಕಳಿಗೆಲ್ಲ ಬಾಯಿಪಾಠ. ಈ ದ್ರಾವಣ ಬರುವ ಮೊದಲು ಗೊನೆಗೆ ಕರಡದ ಹುಲ್ಲಿನ ಕೊಟ್ಟೆ ಕಟ್ಟಿ ಮಳೆಯನ್ನೇ ತಡೆಯುತ್ತಿದ್ದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗದ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿದರು; ಆ ರೋಗದ ಫೈಟಾಫ್ತೊರ ಎಂಬ ಜೀವಿ ನೀರಿನ ತೆಳುಪೊರೆಯಲ್ಲಿ ಈಜಿಕೊಂಡೇ ಒಂದು ಕಾಯಿಯಿಂದ ಇನ್ನೊಂದಕ್ಕೆ ಹೋಗುತ್ತದೆ. ಎಲೆ ಒಣಗಿದ್ದರೆ ಅದಕ್ಕೆ ದಾರಿಯೇ ಇಲ್ಲ. ಮೂವತ್ತು ಅಡಿ ಮೇಲಿನ ಅಡಿಕೆಗೊನೆಯನ್ನು ಜಗಲಿಗೆ ತರಲಾಗುವುದಿಲ್ಲ, ಕುಂಡವನ್ನು ತರಬಹುದು, ಅಷ್ಟೇ ವ್ಯತ್ಯಾಸ.

ಅಡುಗೆಮನೆಯ ಕಡೆಯ ಲೆಕ್ಕ ಇದಕ್ಕಿಂತ ಹಳೆಯದು. ಅಪ್ಪೆಮಿಡಿ ಹೊಳೆಸಾಲಿನ ಕಾಡುಮಾವು. ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ರಿಪ್ಪನ್‌ಪೇಟೆಯಲ್ಲಿ ಮಿಡಿಯ ಕಾಲದಲ್ಲಿ ಇದನ್ನು ತೂಕಕ್ಕಲ್ಲ, ಎಣಿಕೆಗೆ ಮಾರುತ್ತಾರೆ, ಮತ್ತು ಕೊಳ್ಳುವವರು ಒಂದನ್ನು ಮುರಿದು ಮೂಸಿ ನೋಡದೆ ದುಡ್ಡು ಬಿಚ್ಚುವುದಿಲ್ಲ. ಮರ ಹತ್ತಿ ಕೈಯಿಂದ ಕೊಯ್ದು, ನೆಲಕ್ಕೆ ಬೀಳದಂತೆ ಇಳಿಸಿದ ಮಿಡಿಯೇ ಆಗಬೇಕು. ತೊಟ್ಟು ಒಂದು ಅಂಗುಲ ಉಳಿದಿರಬೇಕು. ತೊಟ್ಟು ಕಿತ್ತರೆ ಸೊನೆ ಸೋರಿಹೋಗುತ್ತದೆ, ಪರಿಮಳವಿರುವುದು ಸೊನೆಯಲ್ಲಿ. ಪೆಟ್ಟು ಬಿದ್ದ ಒಂದು ಮಿಡಿ ಭರಣಿಗೆ ಸೇರಿದರೆ ಅದು ಮೆತ್ತಗಾಗಿ ಸುತ್ತಲಿನ ಹತ್ತನ್ನು ಕೆಡಿಸುತ್ತದೆ. ಅಕ್ಕನ ಮಗಳು ಅತ್ತ ಸೇಬುಗಳನ್ನು ಒಂದೊಂದಾಗಿ ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಒಂದಕ್ಕೊಂದು ತಾಗದಂತೆ ಹಲಗೆಯ ಮೇಲೆ ಜೋಡಿಸುತ್ತಾ, "ಪೆಟ್ಟಾದದ್ದನ್ನು ಇಡಬೇಡ ಎಂದು ಪಕ್ಕದಮನೆಯ ಅಜ್ಜಿ ಮೂರು ಸಲ ಹೇಳಿದರು" ಎಂದಾಗ ನನಗೆ ನಮ್ಮ ಅತ್ತೆಯೇ ಮಾತಾಡಿದಂತಾಯಿತು. ಸೇಬು ಕೊಯ್ದ ಮೇಲೂ ಉಸಿರಾಡುತ್ತಿರುತ್ತದೆ. ಹಣ್ಣಾಗಿಸುವ ಎಥಿಲೀನ್ ಅನಿಲವನ್ನು ತಾನೇ ಬಿಡುತ್ತದೆ, ಗಾಯವಾದದ್ದು ಇನ್ನಷ್ಟು ಬಿಡುತ್ತದೆ. ತಂಪು, ಕತ್ತಲೆ, ಸ್ವಲ್ಪ ತೇವ ಇದ್ದರೆ ತಡವಾಗಿ ಬಲಿಯುವ ಜಾತಿಗಳು ತಿಂಗಳುಗಟ್ಟಲೆ ಇರುತ್ತವೆ.

ಮಿಡಿಗೆ ನಮ್ಮ ಮನೆಯ ಲೆಕ್ಕ 4 ಸೇರಿಗೆ 1 ಸೇರು ಕಲ್ಲುಪ್ಪು. ಒಂದು ಪದರ ಮಿಡಿ, ಒಂದು ಪದರ ಉಪ್ಪು ಹಾಕಿ, ದಿನಕ್ಕೊಮ್ಮೆ ಭರಣಿಯನ್ನು ಅಲುಗಿಸುತ್ತಿದ್ದರೆ, ಹೊರಗಿನ ಉಪ್ಪು ಸಿಪ್ಪೆಯ ಮೂಲಕ ಒಳಗಿನ ನೀರನ್ನು ಎಳೆಯುತ್ತಾ ಹೋಗಿ, ಹನಿ ನೀರು ಹಾಕದಿದ್ದರೂ ಎರಡು ವಾರದಲ್ಲಿ ಮಿಡಿಗಳು ಸುಕ್ಕುಗಟ್ಟಿ ತಮ್ಮದೇ ನೀರಿನಲ್ಲಿ ಮುಳುಗಿರುತ್ತವೆ. ಆ ಉಪ್ಪುನೀರನ್ನು ಬಸಿದು, ಕುದಿಸಿ, ಪೂರ್ತಿ ಆರಿಸಿ, ಅದರಲ್ಲೇ ಸಾಸಿವೆ ಮತ್ತು ಒಣಮೆಣಸು ರುಬ್ಬಿ ಹಾಕುವುದು. ಸಾಸಿವೆಯ ಘಾಟು ಹುಟ್ಟುವುದೇ ಅದು ಒಡೆದು ನೀರಿಗೆ ತಾಗಿದ ಮೇಲೆ. ಬಿಸಿನೀರಿಗೆ ಹಾಕಿದರೆ ಘಾಟು ಹುಟ್ಟುವ ಮೊದಲೇ ಸಾಯುತ್ತದೆ, ಆದ್ದರಿಂದ ಆರಿಸುವ ತಾಳ್ಮೆ ಬೇಕು. ಈ ವಾರ ತೆರೆದು ನೋಡಿದ ನಾಲ್ಕು ಭರಣಿಗಳಲ್ಲಿ ಮೂರು ಸರಿಯಾಗಿವೆ. ನಾಲ್ಕನೆಯದರಲ್ಲಿ ಮೇಲೆದ್ದ ಮಿಡಿಗಳ ಮೇಲೆ ಬಿಳಿಪೊರೆ ಕಟ್ಟಿತ್ತು. ಉಪ್ಪುನೀರಿನಿಂದ ಹೊರಗೆ ತಲೆ ಹಾಕಿದ್ದೇ ತಪ್ಪು. ಪೊರೆ ತೆಗೆದು, ಮೇಲಿನ ಪದರವನ್ನು ಎಸೆದು, ಮತ್ತಷ್ಟು ಉಪ್ಪುನೀರು ಕುದಿಸಿ ಆರಿಸಿ ತುಂಬಿದೆ. ಇದೇ ಲೆಕ್ಕವನ್ನು ಇಡೀ ಸೇಬಿಗೆ ಹಾಕಬಹುದೇ ಎಂದು ಅಕ್ಕನ ಮಗಳು ಕೇಳಿದ್ದಳು. ಆಗುವುದಿಲ್ಲ, ಬಲಿತ ಹಣ್ಣಿನಲ್ಲಿ ನೀರು ಹೆಚ್ಚು, ಮಿಡಿಯ ಬಿಗಿ ಅದಕ್ಕಿಲ್ಲ. ಹೋಳು ಮಾಡಿ, ಒಂದು ರಾತ್ರಿ ಉಪ್ಪಿನಲ್ಲಿಟ್ಟು, ನೀರು ಬಸಿದು, ಒಲೆಯ ಸಣ್ಣ ಶಾಖದಲ್ಲಿ ಅರೆಒಣಗಿಸಿ ಮಾಡಿದ ಉಪ್ಪಿನಕಾಯಿ ಚೆನ್ನಾಗಿಯೇ ಬಂದಿತಂತೆ. ಉಳಿದ ತಿರುಳನ್ನು ಬೇಯಿಸಿ ಮಾಂಬಳದ ಹಾಗೆ ತೆಳುವಾಗಿ ಹರಡಿ ಒಣಗಿಸಿದಳು, ಅದರ ಒಂದು ಸುರುಳಿ ನನಗೂ ಬಂದಿತ್ತು.

ಹಲಸಿನ ಹಪ್ಪಳಕ್ಕೆ ಗಟ್ಟಿ ತೊಳೆಯ ಬಕ್ಕೆ ಹಲಸೇ ಬೇಕು. ಅಂಬಲಿ ಹಲಸಿನ ತೊಳೆ ಬೆಂದರೆ ಅಂಟಾಗುತ್ತದೆ. ಬಲಿತ, ಆದರೆ ಹಣ್ಣಾಗದ ಕಾಯಿಯ ತೊಳೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಉಪ್ಪು, ಮೆಣಸು, ಜೀರಿಗೆ ಹಾಕಿ ಕುಟ್ಟಿ, ಉಂಡೆ ಮಾಡಿ ಒತ್ತಬೇಕು. ಕುಟ್ಟುವಾಗ ಸುತ್ತ ಕೂತ ಮಕ್ಕಳು ಹಿಟ್ಟಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ತಿನ್ನುವುದರಲ್ಲಿ ಕಾಲು ಭಾಗ ಮಾಯವಾಗುವುದನ್ನು ಲೆಕ್ಕದಲ್ಲಿ ಮೊದಲೇ ಹಿಡಿದಿರಬೇಕು. ಆಮೇಲೆ ಬೇಕಾದದ್ದು ಎರಡು, ಮೂರು ದಿನದ ಗಟ್ಟಿ ಬಿಸಿಲು. ಇದನ್ನು ದುಡ್ಡು ಕೊಟ್ಟು ತರಲಾಗುವುದಿಲ್ಲ. 2025ರಲ್ಲಿ ಜೂನ್ 1ರ ಆಸುಪಾಸಿನಲ್ಲಿ ಕೇರಳಕ್ಕೆ ಬರಬೇಕಾದ ಮುಂಗಾರು ಮೇ 24ರಂದೇ ಬಂದಿತು, ನಮ್ಮಲ್ಲೂ ತಡಮಾಡಲಿಲ್ಲ. ಆ ದಿನ ಅಂಗಳದಲ್ಲಿ ನಾಲ್ಕು ಚಾಪೆ ತುಂಬ ಹಪ್ಪಳವಿತ್ತು. ಎತ್ತಿ ಒಳಗೆ ತಂದದ್ದನ್ನು ನೆರೆಮನೆಯವರ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮನೆಯಲ್ಲಿ ಹರಡಿದೆವು. ಬಿಸಿಲಿಲ್ಲದೆ ಅದೂ ಸುಮ್ಮನೆ ಬೆವರುತ್ತಿತ್ತು. ಕೊನೆಗೆ ಬಚ್ಚಲ ಒಲೆಯ ಮೇಲೆ ತಂತಿಬಲೆ ಕಟ್ಟಿ ಒಣಗಿಸಿದ ಹಪ್ಪಳ ಆ ವರ್ಷವಿಡೀ ಹೊಗೆಯ ವಾಸನೆ ಹೊಡೆಯಿತು. ಅಂದಿನಿಂದ ರೋಹಿಣಿಗೆ ಕಾಯದೆ ಕೃತ್ತಿಕೆಯಲ್ಲೇ ಬಹುಪಾಲು ಮುಗಿಸುತ್ತೇನೆ. ಮುರಿದರೆ ಟಕ್ಕೆಂದು ಸದ್ದಾಗುವ ಹಪ್ಪಳ ಮಾತ್ರ ತಗಡಿನ ಡಬ್ಬ ಸೇರಿ ಅಟ್ಟಕ್ಕೆ ಏರುತ್ತದೆ; ಬಾಗುವುದು ಮತ್ತೆ ಚಾಪೆಗೆ.

ಮುರುಗಲ ಸಿಪ್ಪೆ ಮೂರು ಬಿಸಿಲು ಕಂಡು ಡಬ್ಬ ಸೇರಿದೆ. ಅದರ ಹಾಗೆಯೇ ಹುಳಿಗೆ ಬಳಸುವ ಉಪ್ಪಾಗೆಯ ಸಿಪ್ಪೆಗೆ ಆ ಭಾಗ್ಯವಿಲ್ಲ, ಅದು ಹಣ್ಣಾಗುವುದೇ ಮಳೆಯ ನಡುವೆ, ಹೊಗೆಯಲ್ಲೇ ಒಣಗಬೇಕು. ಒಣಗಿಸುವ ಈ ಭರದಲ್ಲಿ ಒಣಗಿಸಲೇಬಾರದ ವಸ್ತುವೊಂದು ಉಳಿಯುತ್ತದೆ, ಹಲಸಿನ ಬೇಳೆ. ಅದು ಒಣಗಿತೆಂದರೆ ಮೊಳಕೆಯ ಜೀವವೂ ಹೋಗುತ್ತದೆ, ಬೇಯಿಸಿದರೆ ಮೊದಲಿನ ರುಚಿಯೂ ಇರುವುದಿಲ್ಲ. ಅದಕ್ಕಾಗಿ ಕೆಮ್ಮಣ್ಣನ್ನು ದೋಸೆಹಿಟ್ಟಿನ ಹದಕ್ಕೆ ಕಲಸಿ, ಬೇಳೆಗಳನ್ನು ಅದರಲ್ಲಿ ಹೊರಳಿಸಿ, ನೆರಳಿನಲ್ಲಿ ಆರಿಸಿ, ನಡುಮನೆಯ ಮೂಲೆಯಲ್ಲಿ ಗುಪ್ಪೆ ಹಾಕುತ್ತೇವೆ. ಡೇರೆಯ ಬುಟ್ಟಿ ಖಾಲಿಯಾದ ಜಾಗದಲ್ಲಿ ನಿನ್ನೆ ಅದನ್ನೇ ಹಾಕಿದೆ. ಆಷಾಢದ ಸಾರಿಗೂ ಹುಳಿಗೂ ದಿನಕ್ಕೊಂದು ಬೊಗಸೆ ತೊಳೆದು ತೆಗೆದರೆ ಸಾಕು.

ಡೇರೆ ಗೆಡ್ಡೆಗಳನ್ನು ಮೊನ್ನೆ ನೆಟ್ಟು ಮುಗಿಸಿದ್ದೆ. ನಿನ್ನೆ ರಾತ್ರಿ ಅಕ್ಕನ ಮಗಳು ಫೋನು ಮಾಡಿ, ಅಲ್ಲಿ ಇಬ್ಬನಿ ಹೆಪ್ಪುಗಟ್ಟುವ ಕಾಲ ಈಗಷ್ಟೇ ಮುಗಿದಿದೆಯೆಂದೂ ಈ ವಾರವೇ ತಾನೂ ನೆಟ್ಟೆನೆಂದೂ ಹೇಳಿದಳು. ಅವಳು ಇಟ್ಟಿದ್ದ 14 ಗೆಡ್ಡೆಗಳಲ್ಲಿ 13 ಕಣ್ಣು ಬಿಟ್ಟಿವೆ. ನನ್ನ 26ರಲ್ಲಿ 19. ಉಳಿದ ಏಳನ್ನು ಅವಳಿಗೆ ಹೇಳದೆ ಗೊಬ್ಬರದ ಗುಂಡಿಗೆ ಹಾಕಿದ್ದೇನೆ.